ಮೊಂಬಾಸಾದಲ್ಲಿ ನಮ್ಮನ್ನು ಎಣಿಸಲು ಬಂದರು

ಮೊಂಬಾಸಾದಲ್ಲಿ ಸೂರ್ಯ ಹುಟ್ಟುವಾಗ ಗಂಟೆ ಹನ್ನೆರಡು. ಸುಳ್ಳು ಬರೆಯುತ್ತಿಲ್ಲ. ಹಡಗಿನಿಂದ ಇಳಿದ ಮರುದಿನ ಬೆಳಗ್ಗೆ ಎದ್ದು ಮನೆಯ ಒಡತಿಗೆ ಕೈಸನ್ನೆ ಮಾಡಿ ವೇಳೆ ಎಷ್ಟಾಯಿತು ಎಂದು ಕೇಳಿದೆ. ಅವಳು ಹತ್ತು ಬೆರಳು ತೋರಿಸಿ, ಮಡಚಿ, ಮತ್ತೆ ಎರಡು ಬೆರಳು ಎತ್ತಿದಳು. ಹೊರಗೆ ಆಗಷ್ಟೇ ಬೆಳಕು ಹರಿಯುತ್ತಿತ್ತು, ಕೋಳಿ ಕೂಗುತ್ತಿತ್ತು. ಒಂದೋ ಈಕೆಗೆ ಹುಚ್ಚು, ಇಲ್ಲವೇ ಹಡಗಿನಲ್ಲಿ ವಾಂತಿ ಮಾಡಿ ಮಾಡಿ ನನಗೆ ಹುಚ್ಚು ಎಂದುಕೊಂಡೆ.

ನಮ್ಮವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಲುಗಿಸಿ ಎಬ್ಬಿಸಿದೆ.

“ಅಲ್ರೀ, ಹನ್ನೆರಡು ಆತಂತ. ಕೆಲಸಕ್ಕ ಹೋಗೂದಿಲ್ಲೇನು?”

ಅವರು ಕಣ್ಣು ಬಿಡದೆ ನಕ್ಕರು. “ಇಲ್ಲಿ ಮಂದಿ ಸೂರ್ಯ ಎದ್ದ ಮ್ಯಾಲೆ ಎಣಸಾಕ ಸುರು ಮಾಡ್ತಾರ. ನಮ್ಮ ಏಳು ಅಂದ್ರ ಇವರಿಗೆ ಒಂದು. ಸುಮ್ನ ಮಕ್ಕೋ.”

ಅವರ ಮಾತಿನಲ್ಲಿ ಗಂಟೆಗೆ ‘ಸಾ’ ಎನ್ನುತ್ತಾರೆ. ಬೆಳಗಿನ ಏಳಕ್ಕೆ ಒಂದು ಸಾ, ಎಂಟಕ್ಕೆ ಎರಡು ಸಾ, ಸಂಜೆ ಏಳಕ್ಕೆ ಮತ್ತೆ ಒಂದರಿಂದ ಸುರು. ಹುಬ್ಬಳ್ಳಿಯಲ್ಲಿ ರೈಲು ಕಾರ್ಖಾನೆಯ ಭೋಂಗಾ ಕೂಗಿದರೆ ಇಡೀ ಊರಿಗೆ ವೇಳೆ ತಿಳಿಯುತ್ತದೆ, ಮೋಡ ಇರಲಿ ಮಳೆ ಇರಲಿ. ಅಲ್ಲಿ ಸೂರ್ಯನೇ ಭೋಂಗಾ. ಈಗ ಯೋಚಿಸಿದರೆ ಅವರದೇ ಸರಿ ಅನ್ನಿಸುತ್ತದೆ. ಅಂದು ಅನ್ನಿಸಿದ್ದು ಇಷ್ಟೇ: ಹಗಲಿನ ಲೆಕ್ಕವೇ ಬೇರೆ ಇರುವ ಊರಿಗೆ ಬಂದು ಬಿದ್ದಿದ್ದೇನೆ, ಇನ್ನು ನನ್ನ ಗತಿ ಏನು.

ಆಫ್ರಿಕಾ ಎಂದ ಕೂಡಲೇ ನಮ್ಮ ಹುಬ್ಬಳ್ಳಿ ಓಣಿಯ ಹೆಂಗಸರು ಸಿಂಹದ ಸುದ್ದಿ ಕೇಳುತ್ತಾರೆ. ನಾನು ಅಲ್ಲಿ ಸಿಂಹ ನೋಡಲಿಲ್ಲ. ಬೆಕ್ಕು ಬೇಕಾದಷ್ಟು ನೋಡಿದೆ. ನಾನು ಹೆದರಿದ್ದು ಮನುಷ್ಯನಿಗೆ, ಅದೂ ಕಾಗದ ಹಿಡಿದು ಎಣಿಸಲು ಬಂದ ಮನುಷ್ಯನಿಗೆ. ಅದನ್ನೇ ಬರೆಯುತ್ತೇನೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಹುಟ್ಟಿದ್ದು ಶಿರಗುಪ್ಪಿಯಲ್ಲಿ, ಕೊಟ್ಟಿದ್ದು ಹುಬ್ಬಳ್ಳಿಗೆ. ನಮ್ಮವರು ರೈಲು ಕಾರ್ಖಾನೆಯಲ್ಲಿ ವಿದ್ಯುತ್ತಿನ ಕೆಲಸ ಕಲಿತು, ಆಮೇಲೆ ಮುಂಬೈಗೆ ಹೋಗಿ ರೇಡಿಯೋ ರಿಪೇರಿ ಕಲಿತರು. ಅಲ್ಲಿಂದ ಒಬ್ಬ ಗುಜರಾತಿ ವ್ಯಾಪಾರಿ ತನ್ನ ಮೊಂಬಾಸಾದ ಅಂಗಡಿಗೆ ಕರೆದುಕೊಂಡು ಹೋದ. ಎರಡು ವರ್ಷದ ಮೇಲೆ ನನ್ನನ್ನು ಕರೆಸಿಕೊಂಡರು. ಅವರ ಹೆಸರು ಬರೆಯುವುದಿಲ್ಲ, ಗಂಡನ ಹೆಸರು ಹೇಳಿ ರೂಢಿಯಿಲ್ಲ. ಅಲ್ಲಿಯ ಜನ ಅವರನ್ನು ‘ಫುಂಡಿ’ ಎನ್ನುತ್ತಿದ್ದರು, ಅಂದರೆ ಮಿಸ್ತ್ರಿ. ಅದು ಹೆಸರಲ್ಲವಲ್ಲ, ಆದ್ದರಿಂದ ಸಿಟ್ಟು ಬಂದಾಗ ನಾನೂ ಫುಂಡಿ ಎಂದೇ ಕೂಗುತ್ತಿದ್ದೆ. ಮದುವೆಯಾಗಿ ಅಷ್ಟು ವರ್ಷಕ್ಕೆ ಗಂಡನನ್ನು ಕೂಗಲು ಒಂದು ಹೆಸರು ಸಿಕ್ಕಿತು. ಇದು ಆಫ್ರಿಕಾ ನನಗೆ ಕೊಟ್ಟ ಮೊದಲನೇ ಸವಲತ್ತು.

ನಮ್ಮ ಬಾಡಿಗೆ ಕೋಣೆ ಹಳೇ ಊರಿನ ಒಂದು ಸಣ್ಣ ಓಣಿಯಲ್ಲಿತ್ತು. ಒಡತಿ ಬಿ ಜುಹುರಾ, ಸ್ವಾಹಿಲಿ ಮಾತಿನ ಮುಸಲ್ಮಾನ ವಿಧವೆ, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವಳು. ಮನೆಯ ಬಾಗಿಲು ದೊಡ್ಡ ವಾಡೆಯ ಬಾಗಿಲಿನಂತೆ ಕೆತ್ತನೆಯದು, ಅದಕ್ಕೊಂದು ಕಬ್ಬಿಣದ ಬಳೆ. ಹೊರಗೆ ಗೋಡೆಗೆ ಹತ್ತಿದ ಕಲ್ಲಿನ ಕಟ್ಟೆ, ಅದಕ್ಕೆ ‘ಬರಾಜಾ’ ಎನ್ನುತ್ತಾರೆ. ಗಂಡಸರು ಬರಾಜಾದ ಮೇಲೆ ಕೂತು ಕಾಫಿ ಕುಡಿಯುತ್ತಾರೆ, ಹೆಂಗಸರು ಒಳಗಿನ ಅಂಗಳದಲ್ಲಿ. ನಮ್ಮ ಕಡೆಯೂ ಕಟ್ಟೆ ಇದೆ, ಕೂತವರೂ ಇದ್ದಾರೆ, ಮಾತೂ ಅದೇ ಇರಬೇಕು. ತಿಳಿಯುತ್ತಿರಲಿಲ್ಲ ಅಷ್ಟೇ.

ನೀರು ಉಪ್ಪು. ಓಣಿ ತುಂಬ ಮೀನಿನ ವಾಸನೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು, ಮೊದಲ ತಿಂಗಳು ಸೆರಗಿನಿಂದ ಮೂಗು ಮುಚ್ಚಿಯೇ ಉಂಡೆ. ಉಣ್ಣುವುದಾದರೂ ಏನು? ಅಕ್ಕಿ, ಮತ್ತೆ ಅಕ್ಕಿ. ರೊಟ್ಟಿ ಇಲ್ಲದೆ ಹೊಟ್ಟೆ ತುಂಬಿದಂತೆ ಆಗುತ್ತಿರಲಿಲ್ಲ. ಒಂದು ದಿನ ಬಾಜಾರದಲ್ಲಿ ಒಬ್ಬಳು ಗೋಣಿತಾಟಿನ ಮೇಲೆ ಜೋಳ ಸುರಿದುಕೊಂಡು ಕೂತಿದ್ದಳು. ಖರೇ ಜೋಳ! ಅವರು ಅದಕ್ಕೆ ‘ಮ್ತಾಮಾ’ ಅನ್ನುತ್ತಾರೆ. ಬಾಯಿಗೆ ನಾಲ್ಕು ಕಾಳು ಹಾಕಿಕೊಂಡು ಕಡಿದೆ. ಆಕೆ ಬೈದಳು. ಬೈಸಿಕೊಂಡೇ ಒಯ್ದೆ. ಬೀಸಿ, ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತರೆ ಬಿ ಜುಹುರಾ ಓಡಿ ಬಂದಳು. ಬಡಿಯುವ ಸಪ್ಪಳ ಕೇಳಿ ಫುಂಡಿ ಹೆಂಡತಿಯನ್ನು ಹೊಡೆಯುತ್ತಿದ್ದಾನೆ ಎಂದುಕೊಂಡಿದ್ದಳು. ಕೈಯಲ್ಲಿ ಕಸಬರಿಗೆ ಹಿಡಿದು ಅವನನ್ನು ಹೊಡೆಯಲೆಂದೇ ಬಂದಿದ್ದಳು. ಒಲೆಯ ಮುಂದೆ ನಾನೊಬ್ಬಳೇ ಇದ್ದೆ. ಒಂದು ರೊಟ್ಟಿ ಅವಳ ಕೈಗಿಟ್ಟೆ. ತಿಂದಳು, ಮುಖ ಕಿವುಚಿದಳು, ಇನ್ನೊಂದು ಕೇಳಿದಳು. ಅಂದಿನಿಂದ ಅವಳು ನನಗೆ ಮಾತು ಕಲಿಸಿದಳು. ಅವಳ ಮಾತನ್ನು ಇಲ್ಲಿ ನಮ್ಮ ಮಾತಿಗೆ ಹಾಕಿ ಬರೆಯುತ್ತೇನೆ, ಇಲ್ಲವಾದರೆ ನಿಮಗೂ ತಿಳಿಯುವುದಿಲ್ಲ, ನನಗೂ ಬರೆಯಲು ಬರುವುದಿಲ್ಲ.

ಅವಳು ಕಲಿಸಿದ ಮೊದಲ ಪಾಠ ‘ಹಬಾರಿ’. ದಾರಿಯಲ್ಲಿ ಯಾರೇ ಸಿಗಲಿ, ಹಬಾರಿ ಎಂದು ಕೇಳಬೇಕು, ಅಂದರೆ ಏನು ಸುದ್ದಿ ಎಂದು. ಕೇಳಿಸಿಕೊಂಡವರು ಒಳ್ಳೆಯದು ಎನ್ನಬೇಕು. ಮನೆ ಬಿದ್ದಿರಲಿ, ಗಂಡ ಸತ್ತಿರಲಿ, ಮೊದಲು ಒಳ್ಳೆಯದು ಎಂದೇ ಹೇಳಬೇಕು. ಹುಬ್ಬಳ್ಳಿಯಲ್ಲಿ ಹೇಗಿದ್ದೀ ಎಂದು ಕೇಳಿದರೆ ಮೊಣಕಾಲಿನಿಂದ ಸುರು ಮಾಡಿ ಸೊಸೆಯವರೆಗೆ ಬೈದು ಮುಗಿಸುತ್ತೇವೆ. ಅಲ್ಲಿ ಹಾಗಿಲ್ಲ. ಸುದ್ದಿ ಯಾವಾಗಲೂ ಒಳ್ಳೆಯದೇ.

ಇಡೀ ಊರಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ ಎಂದುಕೊಂಡಿದ್ದೆ. ಗುಜರಾತಿಗಳಿದ್ದರು, ಕಚ್ಛಿಗಳಿದ್ದರು, ಪಂಜಾಬಿಗಳಿದ್ದರು, ಗೋವೆಯವರಿದ್ದರು. ಎಲ್ಲರಿಗೂ ಜಗಳಾಡಲು ತಮ್ಮ ಜನವಿತ್ತು. ನನಗೆ ಸಂಜೆ ದಣಿದು ಬರುವ ಒಬ್ಬ ಮನುಷ್ಯ. ಅವರು ಮೊದಲೇ ಮಾತು ಕಡಿಮೆ. ಕೆಲವು ದಿನ ಅವರು ಬರುವವರೆಗೆ ಒಲೆಯ ಜೊತೆ ಕನ್ನಡ ಮಾತಾಡಿದ್ದೇನೆ.

ಅಷ್ಟರಲ್ಲಿ ಯುದ್ಧ ಬಂತು. ಬಂದರಿನ ತುಂಬ ಬೂದಿ ಬಣ್ಣದ ಹಡಗು. ಕಿಟಕಿಗೆಲ್ಲ ಕಪ್ಪು ಬಟ್ಟೆ. ಇಟಲಿಯವರು ಉತ್ತರದಲ್ಲಿದ್ದಾರೆ, ವಿಮಾನದಿಂದ ಬಾಂಬು ಹಾಕುತ್ತಾರೆ ಎಂದು ಸುದ್ದಿ. ಪಕ್ಕದ ಬೀದಿಯಲ್ಲಿ ಗಡಿಯಾರ ರಿಪೇರಿಯ ಜರ್ಮನಿಯ ಮುದುಕನೊಬ್ಬನಿದ್ದ, ಅವನನ್ನು ಪೊಲೀಸರು ಲಾರಿಯಲ್ಲಿ ಕೂಡಿಸಿಕೊಂಡು ಹೋದರು. ಅವನ ಅಂಗಡಿಯೊಳಗೆ ಗಡಿಯಾರಗಳು ಎರಡು ದಿನ ಹೊಡೆದುಕೊಂಡು ನಿಂತುಹೋದವು. ಮುಂಬೈಗೆ ಹೆಂಗಸರನ್ನು ಒಯ್ಯುವ ಹಡಗು ಬಂದ್ ಆದವು. ಅಂದರೆ ಇನ್ನು ಏನೇ ಆದರೂ ಹಿಂದೆ ಹೋಗುವ ದಾರಿ ಇಲ್ಲ.

ನಮ್ಮವರನ್ನು ಸರಕಾರ ಕೆಲಸಕ್ಕೆ ತೆಗೆದುಕೊಂಡಿತು. ಬಾಜಾರದ ಚೌಕದಲ್ಲಿ ಕಂಬಕ್ಕೆ ದೊಡ್ಡ ಕಹಳೆ ಕಟ್ಟಿ ದಿನಾ ಸಂಜೆ ರೇಡಿಯೋದ ಸುದ್ದಿ ಊರಿಗೆ ಕೇಳಿಸುವುದು, ಮತ್ತೆ ಮನೆಮನೆಯ ರೇಡಿಯೋ ಕೆಟ್ಟರೆ ಸರಿ ಮಾಡುವುದು. ಸರಕಾರಕ್ಕೆ ಲಂಡನ್ನಿನ ಸುದ್ದಿ ಜನರ ಕಿವಿಗೆ ಬೀಳಬೇಕಾಗಿತ್ತು. ಆದರೆ ಬರ್ಲಿನ್ನಿನಿಂದಲೂ ಹಿಂದೂಸ್ತಾನಿಯಲ್ಲಿ ಸುದ್ದಿ ಬರುತ್ತಿತ್ತು, ಅದು ವೈರಿಯ ಸುದ್ದಿ, ಕೇಳಬೇಡಿ ಎನ್ನುತ್ತಿತ್ತು ಸರಕಾರ. ಬೇಡವೆಂದದ್ದನ್ನೇ ಕೇಳುವುದು ಮನುಷ್ಯನ ಗುಣ.

ನಮ್ಮ ಪಕ್ಕದ ಮಾಳಿಗೆ ಮನೆ ಸಕೀನಾಬಾಯಿಯದು. ಕಚ್ಛಿ ಮುಸಲ್ಮಾನರು, ಅವಳ ಗಂಡನಿಗೆ ಬಟ್ಟೆಯ ಅಂಗಡಿ. ಅವರ ಮನೆಯಲ್ಲಿ ರೇಡಿಯೋ ಇತ್ತು. ಗಂಡ ಅಂಗಡಿಯಲ್ಲಿದ್ದಾಗ ಅದು ಸಕೀನಾಬಾಯಿಯ ಕೈಗೆ. ಆದರೆ ಗಾಜಿನ ಮೇಲಿನ ಅಂಕಿ ಅವಳಿಗೆ ಓದಲು ಬಾರದು. ನಮ್ಮವರು ಒಂದು ಉಪಾಯ ಮಾಡಿದರು. ಅವಳ ಎಲೆ-ಅಡಿಕೆಯ ಡಬ್ಬಿಯಿಂದಲೇ ಸುಣ್ಣ ತೆಗೆದು ದಿಲ್ಲಿ ಬರುವ ಜಾಗದಲ್ಲಿ ಒಂದು ಬೊಟ್ಟು ಇಟ್ಟರು. ಲಂಡನ್ನಿಗೆ ಅರಿಶಿನದ ಬೊಟ್ಟು. ಬರ್ಲಿನ್ನಿಗೆ ಕಾಚಿನ ಕೆಂಪು ಬೊಟ್ಟು. ಮುಳ್ಳನ್ನು ಬೊಟ್ಟಿನ ಮೇಲೆ ತಂದು ನಿಲ್ಲಿಸಿದರೆ ಆಯಿತು. ಹೆಂಗಸರು ದೇಶದ ಹೆಸರನ್ನೇ ಬಿಟ್ಟರು. ಇವತ್ತು ಸುಣ್ಣ ಸಾಕು, ಕಾಚು ಹಾಕು ಎನ್ನುತ್ತಿದ್ದರು.

ಆ ರೇಡಿಯೋದ ಕಿಟಕಿ ಬಿ ಜುಹುರಾಳ ಅಂಗಳದ ಮೇಲೆ ಇತ್ತು. ಮಾಳಿಗೆಯಲ್ಲಿ ಸಕೀನಾಬಾಯಿಯ ಮೈದುನರು, ಗುಮಾಸ್ತರು ಓಡಾಡುತ್ತಾರೆ ಎಂದು ಪರದೆಯ ಹೆಂಗಸರು ಮೇಲೆ ಹೋಗುತ್ತಿರಲಿಲ್ಲ. ಸಂಜೆಯಾದರೆ ಎಲ್ಲರೂ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಒಬ್ಬಳು ತೆಂಗಿನಕಾಯಿ ತುರಿಯುತ್ತ, ಒಬ್ಬಳು ಕೂಸಿಗೆ ಮೊಲೆ ಕೊಡುತ್ತ, ಮೇಲಿನ ಕಿಟಕಿಯಿಂದ ಬಿದ್ದ ಸುದ್ದಿಯನ್ನು ಕೇಳುತ್ತಿದ್ದರು. ಒಬ್ಬಿಬ್ಬರಿಗೆ ಹಿಂದೂಸ್ತಾನಿ ತಿಳಿಯುತ್ತಿತ್ತು, ಅವರು ಉಳಿದವರಿಗೆ ಸ್ವಾಹಿಲಿಯಲ್ಲಿ ಹೇಳುತ್ತಿದ್ದರು. ನಾನೂ ಕೂರುತ್ತಿದ್ದೆ. ಹುಬ್ಬಳ್ಳಿ ಬಾಜಾರದ ಹಿಂದೂಸ್ತಾನಿ ನನಗೂ ಬರುತ್ತಿತ್ತು. ಒಂದು ಸಲವಾದರೂ ಯಾವನಾದರೂ ಹುಬ್ಬಳ್ಳಿ ಎಂದಾನು ಎಂದು ಕಾದೆ. ಲಂಡನ್ನಿನವನೂ ಅನ್ನಲಿಲ್ಲ, ಬರ್ಲಿನ್ನಿನವನೂ ಅನ್ನಲಿಲ್ಲ.

ಒಂದು ದಿನ ನೀರು ಹೊರುವವಳು ಸುದ್ದಿ ತಂದಳು. ಸರಕಾರದವರು ಬರುತ್ತಿದ್ದಾರೆ. ಯಾವ ದೇಶದ ರೇಡಿಯೋವನ್ನು ಎಷ್ಟು ಮಂದಿ ಕೇಳುತ್ತಾರೆ ಎಂದು ಎಣಿಸುತ್ತಾರೆ, ರೇಡಿಯೋ ಇದ್ದ ಪ್ರತಿ ಮನೆಗೂ ಹೋಗುತ್ತಾರೆ.

ಎಣಿಸುತ್ತಾರೆ ಎಂಬ ಮಾತು ಕೇಳಿ ಎದ್ದು ಬಾಗಿಲ ಚಿಲಕ ಹಾಕಿದೆ. ಇದನ್ನು ಹುಬ್ಬಳ್ಳಿ ಕಡೆಯವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಪ್ಲೇಗಿನ ಕಾಲದಲ್ಲಿ ನಾನು ಸಣ್ಣವಳು. ಹುಬ್ಬಳ್ಳಿಯ ಜನ ಊರು ಬಿಟ್ಟು ನಮ್ಮ ಶಿರಗುಪ್ಪಿಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಒಂದು ಮುಂಜಾನೆ ಕಾಗದ ಹಿಡಿದವರು ಬಂದು, ಮನೆಯಲ್ಲಿ ಎಷ್ಟು ಮಂದಿ, ಮಲಗಿದವರು ಎಷ್ಟು ಎಂದು ಕೇಳಿದರು. ನಮ್ಮಪ್ಪ ಸಾಚಾ ಮನುಷ್ಯ. ಆರು ಮಂದಿ, ದೊಡ್ಡ ಮಗಳು ಜ್ವರದಿಂದ ಮಲಗಿದ್ದಾಳೆ ಎಂದ. ಮಧ್ಯಾಹ್ನಕ್ಕೆ ಗಾಡಿ ಬಂತು. ಅಕ್ಕನನ್ನು ಊರ ಹೊರಗಿನ ಶೆಡ್ಡಿಗೆ ಒಯ್ದರು. ಅವಳು ತಿರುಗಿ ಬರಲಿಲ್ಲ, ಮಣ್ಣು ಕೊಟ್ಟ ಜಾಗವನ್ನೂ ಯಾರೂ ತೋರಿಸಲಿಲ್ಲ. ನಮ್ಮ ಆಯಿ, ನನ್ನ ಹೆತ್ತವಳು, ಸಾಯುವವರೆಗೆ ಒಂದೇ ಮಾತು ಹೇಳುತ್ತಿದ್ದಳು: “ಎಣಿಸಾಕ ಬಂದವರಿಗೆ ಮನಿ ಖಾಲಿ ತೋರಿಸಬೇಕು.” ನಾನು ಕಲಿತ ಮೂರು ಇಯತ್ತೆಗಿಂತ ಈ ಮಾತು ಗಟ್ಟಿಯಾಗಿ ಕೂತಿತ್ತು.

ಸೆರಗಿನ ತುದಿ ಒದ್ದೆ ಮಾಡಿಕೊಂಡು ಸಕೀನಾಬಾಯಿಯ ಮಾಳಿಗೆ ಹತ್ತಿದೆ. ಮಾತಿಲ್ಲ ಕತೆಯಿಲ್ಲ, ಗಾಜಿನ ಮೇಲಿನ ಬೊಟ್ಟು ಮೂರೂ ಒರೆಸಿಬಿಟ್ಟೆ. ಅವು ನಮ್ಮವರ ಕೈಯ ಗುರುತು. ಕಾಚಿನ ಬೊಟ್ಟು ಯಾರಿಟ್ಟದ್ದು ಎಂದು ಕೇಳಿದರೆ ಲಾರಿ ಬರುವುದು ನಮ್ಮ ಬಾಗಿಲಿಗೆ.

“ಅಯ್ಯ, ಹುಚ್ಚಿ! ಇನ್ನ ನಾ ಹ್ಯಾಂಗ ಹುಡುಕ್ಲಿ?” ಎಂದಳು ಸಕೀನಾಬಾಯಿ, ತನ್ನ ಹಿಂದೂಸ್ತಾನಿಯಲ್ಲಿ.

“ಹುಡುಕಬ್ಯಾಡ. ಯಾರರ ಕೇಳಿದ್ರ, ಪೆಟಗಿ ಕೆಟ್ಟೈತಿ ಅನ್ನು.”

ಎಣಿಸುವವನು ಮೂರನೆಯ ದಿನ ಬಂದ. ಸಣಕಲು ಮನುಷ್ಯ, ಖಾಕಿ ಟೋಪಿ. ಗೋವೆಯ ಕಿರಿಸ್ತಾನ, ಹೆಸರು ಪಿಂಟೋ ಎಂದು ಆಮೇಲೆ ತಿಳಿಯಿತು. ಸಕೀನಾಬಾಯಿಯ ಮನೆ ಎಂದು ತಪ್ಪಿ ನಮ್ಮ ಬಾಗಿಲ ಬಳೆ ಬಡಿದ. ಬಾಗಿಲು ಸಂದಿ ಮಾಡಿ ನೋಡಿದೆ. ಕೈಯಲ್ಲಿ ಕಾಗದ. “ಅಯ್ಯ ಶಿವನ, ಬಂದ್ನಲ್ಲ ಹೆಣಾ ಎತ್ತಾಂವ” ಎಂದು ಬಾಯಿಂದ ಬಂದೇಬಿಟ್ಟಿತು.

ಅವನು ಟೋಪಿ ತೆಗೆದ. ಕಣ್ಣು ಅಗಲ ಮಾಡಿದ.

“ಅಕ್ಕಾರ, ಹುಬ್ಬಳ್ಳಿ ಕಡ್ಯಾರೇನ್ರಿ ನೀವು? ನಮ್ಮಪ್ಪ ಅಲ್ಲೇ ರೇಲ್ವೆದಾಗ ಗಾರ್ಡ್ ಇದ್ದ. ನಾ ಕೇಶ್ವಾಪುರದಾಗ ಬೆಳದಾಂವ. ಎಷ್ಟ ವರ್ಷಕ್ಕ ಬೈಗಳಾ ಕೇಳಿದೆ, ಕಿವಿ ತಂಪಾತು ನೋಡ್ರಿ.”

ಎರಡು ವರ್ಷದಿಂದ ನಾನು ಕಾದದ್ದು ಈ ಮಾತಿಗೆ. ಬಂದವನು ಎಣಿಸುವವನು! ಬಾಗಿಲ ಸಂದಿಯನ್ನು ಇನ್ನಷ್ಟು ಸಣ್ಣದು ಮಾಡಿದೆ.

“ಈ ಮನ್ಯಾಗ ರೇಡಿಯೋ ಐತೇನ್ರಿ?”

“ಇಲ್ಲ.”

“ಮತ್ತ ಎಲ್ಲೆರ ಹೋಗಿ ಕೇಳ್ತೀರೇನು?”

“ಕೇಳೂದಿಲ್ಲ.”

“ಬಾಜಾರದಾಗ ಕಹಳಿ ಒದರ್ತೈತೆಲ್ಲಾ, ಅದು?”

“ನನಗ ಕಿವಿ ಮಂದ.”

“ಕಿವಿ ಮಂದ? ನಾ ಇಷ್ಟು ಸಣ್ಣ ದನಿಲೆ ಕೇಳಾಕತ್ತೇನಿ, ನೀವು ಬರೊಬ್ಬರಿ ಉತ್ತರಾ ಕೊಡಾಕತ್ತೀರಿ.”

ನಾನು ನಗಲಿಲ್ಲ. ಅವನು ನಿಂತೇ ಇದ್ದ, ಹೋಗಲು ಮನಸ್ಸಿಲ್ಲದವನಂತೆ. “ಹೋಗ್ಲಿ ಬಿಡ್ರಿ. ಹುಬ್ಬಳ್ಳಿ ಮಿರ್ಚಿ ಭಜಿ ಈ ಊರಾಗ ಎಲ್ಲೂ ಸಿಗೂದಿಲ್ಲ ಅಲ್ರಿ?” ಎಂದ. ಒಳಗೆ ಡಬ್ಬಿಯಲ್ಲಿ ಕಡಲೆ ಹಿಟ್ಟಿತ್ತು. ಬಾಗಿಲು ಹಾಕಿಕೊಂಡೆ.

ನಾನೊಬ್ಬಳೇ ಅಲ್ಲ. ಆಯಿಯ ಮಾತು ಕೇಳದವರೂ ಆಯಿಯ ಹಾಗೆಯೇ ಮಾಡಿದರು. ಸಕೀನಾಬಾಯಿ ಪೆಟ್ಟಿಗೆ ಕೆಟ್ಟಿದೆ ಎಂದಳು. ಮುಂದಿನ ಮನೆಯವರು ರೇಡಿಯೋದ ಮೇಲೆ ಚಾದರ ಹೊದಿಸಿ ಅದು ಕಪಾಟು ಎಂದರು. ಬಾಜಾರದಲ್ಲಿ ದಿನಾ ಕಹಳೆಯ ಕೆಳಗೆ ನಿಲ್ಲುತ್ತಿದ್ದ ಗಂಡಸರು ಪಿಂಟೋ ಕಾಗದ ಹಿಡಿದು ಬಂದ ಸಂಜೆ ಒಬ್ಬರೂ ಬರಲಿಲ್ಲ. ನಮ್ಮವರು ಹೇಳಿದರು, ಆ ದಿನ ಲಂಡನ್ನಿನ ಸುದ್ದಿ ಕೇಳಿದ್ದು ಎರಡು ಕತ್ತೆ.

ಗೆದ್ದೆವು ಎಂದುಕೊಂಡೆ. ಗೆದ್ದದ್ದು ಏನು ಎಂದು ಮುಂದಿನ ವಾರ ತಿಳಿಯಿತು. ನಮ್ಮವರು ಕೆಲಸದಿಂದ ಬೇಗ ಬಂದು ಬರಾಜಾದ ಮೇಲೆ ಕೂತರು, ಒಳಗೆ ಬರಲಿಲ್ಲ.

“ಕಹಳಿ ತಗೀತಾರಂತ” ಎಂದರು. “ಈ ಊರಾಗ ರೇಡಿಯೋ ಕೇಳವರ ಇಲ್ಲಂತ ವರದಿ ಹೋಗೇತಿ. ಕೇಳವರಿಲ್ಲ ಅಂದ ಮ್ಯಾಲೆ ಫುಂಡಿ ಯಾಕ? ದಂಡಿನ ಲಾರಿ ಉತ್ತರಕ್ಕ ಹೊಂಟಾವು, ಅಲ್ಲಿ ತಂತಿ ಕೆಲಸಕ್ಕ ಮಂದಿ ಬೇಕಂತ. ನನ್ನ ಹೆಸರು ಬರದಾರ.”

“ಯಾವಾಗ?”

“ಬರೂ ಸೋಮವಾರ.”

ಉತ್ತರ ಅಂದರೆ ಮರುಭೂಮಿ, ಇಟಲಿಯವರ ವಿಮಾನ. ಅಲ್ಲಿಗೆ ಹೋದ ಲಾರಿಗಳು ಮಂದಿಯನ್ನು ತುಂಬಿಕೊಂಡು ಹೋಗಿ, ಖಾಲಿ ಬರುವುದನ್ನು ನಾನೇ ನೋಡಿದ್ದೆ. ನಾನು ಅಳಲಿಲ್ಲ. ಅಳುವುದಕ್ಕೂ ಹೆದರಿಕೆಯಾಗಿತ್ತು. ಇವರು ಹೋದರೆ ಈ ಊರಿನಲ್ಲಿ ನನ್ನ ಹೆಣಕ್ಕೆ ಮಣ್ಣು ಕೊಡಬೇಕೋ ಸುಡಬೇಕೋ ಎಂದು ಹೇಳುವವರೂ ಇರುವುದಿಲ್ಲ. ಎಣಿಸಿದ್ದಕ್ಕೆ ಅಕ್ಕ ಹೋದಳು. ಎಣಿಸಿಕೊಳ್ಳದೆ ಇದ್ದುದಕ್ಕೆ ಗಂಡ ಹೋಗುತ್ತಿದ್ದಾನೆ. ಯಾವ ಕಡೆ ತಿರುಗಿದರೂ ಗಾಡಿಯೇ.

ಸಕೀನಾಬಾಯಿಯ ಹತ್ತಿರ ಹೋದೆ. “ನಮ್ಮ ಮನ್ಯಾಗ ಕೇಳ್ತೀವಿ ಅಂತ ಹೇಳು. ನೀ ಒಬ್ಬಾಕಿ ಹೇಳಿದ್ರ ಉಳಿದವರೂ ಹೇಳ್ತಾರ” ಎಂದೆ.

ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ನಿಲ್ಲಿಸಿದಳು. “ನಿನ್ನ ಗಂಡನ್ನ ಉಳಿಸಾಕ ನನ್ನ ಗಂಡನ್ನ ಕೊಡ್ಲೇನು?”

ಅವಳ ಜಾಗದಲ್ಲಿ ನಾನಿದ್ದರೆ ಇಷ್ಟು ಮರ್ಯಾದೆಯಿಂದ ಹೇಳುತ್ತಿರಲಿಲ್ಲ. ಇಳಿದು ಬಂದೆ.

ಅಂಗಳದಲ್ಲಿ ಬಿ ಜುಹುರಾ ತೆಂಗಿನಕಾಯಿ ತುರಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು, ಆ ಕಿಟಕಿಯಿಂದ ರೇಡಿಯೋ ಒಂದೇ ಅಲ್ಲ, ಎಲ್ಲವೂ ಕೆಳಗೆ ಬೀಳುತ್ತಿತ್ತು.

“ನನ್ನ ಗಂಡ ಸತ್ತು ಹನ್ನೆರಡು ವರ್ಷ ಆತು” ಎಂದಳು. “ಒಯ್ದರ ಯಾರನ್ನ ಒಯ್ತಾರ? ಕೇಳವರು ಎಲ್ಲಿ ಕೂಡ್ತಾರ ಹೇಳು. ನನ್ನ ಅಂಗಳದಾಗ. ಹಂಗಾರ ನನ್ನ ಮನ್ಯಾಗ ಎಣಿಸ್ಲಿ.”

“ನಿಮ್ಮ ಮನ್ಯಾಗ ರೇಡಿಯೋನ ಇಲ್ಲಲ್ಲ ಬೀಬಿ.”

“ಅವರು ರೇಡಿಯೋ ಎಣಿಸ್ತಾರೋ, ಮಂದಿನ್ನ ಎಣಿಸ್ತಾರೋ?”

ಕಪ್ಪು ಬುರ್ಖಾ ಹಾಕಿಕೊಂಡು ಅವಳು ಮುಂದೆ, ಸೆರಗು ಹೊದ್ದುಕೊಂಡು ನಾನು ಹಿಂದೆ, ಬಂದರಿನ ಹತ್ತಿರದ ಪಿಂಟೋನ ಕಚೇರಿಗೆ ಹೋದೆವು. ಬಾಗಿಲಲ್ಲಿ ಬಂದೂಕಿನ ಸಿಪಾಯಿ. ನಾನು ಬಿ ಜುಹುರಾಳ ಬೆನ್ನ ಹಿಂದೆ ಸರಿದೆ. ಪಿಂಟೋ ಹೊರಗೆ ಬಂದ.

“ತಮ್ಮಾ, ನಾ ಸುಳ್ಳು ಹೇಳೀನಿ. ಕೇಳವರು ಅದಾರ” ಎಂದೆ.

“ಎಷ್ಟು ಮಂದಿ? ಯಾರ್ಯಾರು?”

“ಮೊದಲ ನೀ ಹೇಳು. ಎಣಿಸಿದ ಮ್ಯಾಲೆ ಏನ್ ಮಾಡ್ತೀರಿ? ಶಿರಗುಪ್ಪ್ಯಾಗ ನಮ್ಮ ಅಕ್ಕನ್ನ ಎಣಿಸಿ ಹೋದ್ರು. ಮಧ್ಯಾಹ್ನ ಗಾಡಿ ಬಂತು.”

ಬೇರೆ ಯಾರ ಮುಂದೆ ಈ ಮಾತು ಆಡಿದ್ದರೂ ತಲೆ-ಬುಡ ತಿಳಿಯುತ್ತಿರಲಿಲ್ಲ. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ.

“ನಮ್ಮ ಅಜ್ಜಿನೂ ಆ ಶೆಡ್ಡಿಗೆ ಹೋದಾಕಿ ಬರ್ಲಿಲ್ಲ ಅಕ್ಕಾರ” ಎಂದ. “ನಮ್ಮಪ್ಪ ಸಾಯೂತನ ಯಾರಿಗೂ ಖರೇ ವಯಸ್ಸು ಹೇಳ್ಲಿಲ್ಲ.” ಆಮೇಲೆ ದನಿ ತಗ್ಗಿಸಿದ. “ನನಗ ಹೆಸರು ಬ್ಯಾಡ. ಮಾರಿ ಬ್ಯಾಡ. ಎಷ್ಟು ಅನ್ನೂದಷ್ಟ ಬೇಕು. ಸಂಜಿಕ ಬಂದು ನಿಮ್ಮ ಕಟ್ಟಿ ಮ್ಯಾಲೆ ಬೆನ್ನು ತಿರುಗಿಸಿ ಕೂಡ್ತೇನಿ. ಒಳಗ ಹೋಗಾಕಿ ಒಬ್ಬೊಬ್ಬಾಕಿ ಬಾಗಲದ ಕಬ್ಬಿಣದ ಬಳಿ ಹಿಡದು ಒಮ್ಮೆ ಬಡೀಲಿ. ನಾ ಗೀಟು ಹಾಕ್ತೇನಿ.”

ಹಾಗೆಯೇ ಬಂದು ಕೂತ, ಬೀದಿಗೆ ಮುಖ, ಬಾಗಿಲಿಗೆ ಬೆನ್ನು. ಬಿ ಜುಹುರಾ ಮಧ್ಯಾಹ್ನವೇ ಮನೆಮನೆಗೆ ಹೇಳಿ ಬಂದಿದ್ದಳು. ದಿನಾ ಬರುವ ವೇಳೆ ಆಯಿತು. ಯಾರೂ ಬರಲಿಲ್ಲ. ಓಣಿಯ ಕೊನೆಯಲ್ಲಿ ನಾಲ್ಕೈದು ಕಪ್ಪು ಬುರ್ಖಾ ಬಂದು ನಿಂತವು, ಪಿಂಟೋನ ಟೋಪಿ ನೋಡಿ ಹಿಂದೆ ಸರಿದವು. ಮೇಲೆ ಸಕೀನಾಬಾಯಿಯ ಕಿಟಕಿ ಮುಚ್ಚಿತ್ತು. ಅವತ್ತು ಶನಿವಾರ. ಸೋಮವಾರಕ್ಕೆ ಲಾರಿ.

ಬಿ ಜುಹುರಾ ನನ್ನ ಮುಖ ನೋಡಿದಳು. ನಾನು ಎದ್ದು ಹೊರಗೆ ಹೋದೆ. ಹೊಸಬಳಂತೆ ಬೀದಿಯಲ್ಲಿ ನಿಂತು, ತಿರುಗಿ ಬಂದು, ಬಾಗಿಲ ಬಳೆ ಹಿಡಿದೆ. ಅಕ್ಕನನ್ನು ಗಾಡಿಗೆ ಹಾಕಿದಾಗ ಅವಳ ಕೈ ಬಳೆ ಗಾಡಿಯ ಹಲಗೆಗೆ ಬಡಿದ ಸಪ್ಪಳ ನೆನಪಾಯಿತು. ಕಣ್ಣು ಮುಚ್ಚಿ ಒಂದು ಸಲ ಬಡಿದೆ. ಕಾಗದದ ಮೇಲೆ ಸೀಸದ ಕಡ್ಡಿ ಎಳೆದ ಸಪ್ಪಳ ಕೇಳಿತು. ಅದು ನಾನು.

ಎಷ್ಟೋ ಹೊತ್ತಾದ ಮೇಲೆ ಇನ್ನೊಂದು ಬಡಿತ. ಮೀನು ಮಾರುವವನ ಹೆಂಡತಿ, ಬಗಲಲ್ಲಿ ಕೂಸು. ಕೂಸಿಗೂ ಬಡಿಯಲೇ ಎಂದು ಕೇಳಿದಳು. ಅದು ಸುದ್ದಿ ಕೇಳುವುದಿಲ್ಲ, ಒದರುತ್ತದೆ ಅಷ್ಟೇ, ಒಳಗೆ ಬಾ ಎಂದಳು ಬಿ ಜುಹುರಾ. ಯಾರೋ ನಕ್ಕರು. ಆಮೇಲೆ ಬಡಿತದ ಮೇಲೆ ಬಡಿತ. ದಿನಾ ಬರುವವರು ಬಂದರು, ಎಂದೂ ಬಾರದವರೂ ಬಂದರು. ಅಂಗಳದಲ್ಲಿ ಕೂರಲು ಜಾಗವಿಲ್ಲ, ಬಾವಿಯ ಕಟ್ಟೆಯ ಮೇಲೂ ಕೂತರು.

ಕೂತರು, ಆದರೆ ಕೇಳುವುದು ಏನನ್ನು? ಕಿಟಕಿ ಮುಚ್ಚಿಯೇ ಇತ್ತು. ಅಷ್ಟು ಮಂದಿ ತಲೆ ಎತ್ತಿ ಮುಚ್ಚಿದ ಕಿಟಕಿಯನ್ನು ನೋಡುತ್ತ ಕೂತಿದ್ದರು, ಒಬ್ಬರೂ ಕರೆಯಲಿಲ್ಲ. ಹೊರಗೆ ಪಿಂಟೋ ಒಂದು ಸಲ ಕೆಮ್ಮಿದ.

ಆಗ ಕಿಟಕಿ ಒಂದು ಗೇಣು ತೆರೆಯಿತು. ಕೈ ಕಾಣಲಿಲ್ಲ, ಮುಖ ಕಾಣಲಿಲ್ಲ. ರೇಡಿಯೋ ಗೊರಗೊರ ಎಂದಿತು. ಬೊಟ್ಟು ಇರಲಿಲ್ಲವಲ್ಲ, ನಾನೇ ಒರೆಸಿದ್ದೆ. ಮುಳ್ಳು ಕುರುಡನ ಕೋಲಿನಂತೆ ಹುಡುಕಾಡುತ್ತಿತ್ತು. ಕಿರಗುಟ್ಟಿತು, ಸೀಟಿ ಹಾಕಿತು, ಯಾವುದೋ ದೇಶದ ಹಾಡು ಬಂದು ಹೋಯಿತು. ಆಮೇಲೆ ಒಂದು ದನಿ ಹಿಂದೂಸ್ತಾನಿಯಲ್ಲಿ ಗಟ್ಟಿಯಾಗಿ ಓದತೊಡಗಿತು.

ಅದು ಕಾಚಿನವನ ದನಿ. ಬರ್ಲಿನ್.

ಅಂಗಳದಲ್ಲಿ ತೆಂಗಿನಕಾಯಿ ತುರಿಯುವ ಕೈ ನಿಂತಿತು. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ನನ್ನ ಕಿವಿಗೆ ಲಾರಿಯ ಸಪ್ಪಳವೇ ಕೇಳಿದಂತಾಯಿತು, ಒಂದಲ್ಲ, ಎರಡು ಲಾರಿ, ಒಂದು ನಮ್ಮವರಿಗೆ, ಒಂದು ಸಕೀನಾಬಾಯಿಯ ಗಂಡನಿಗೆ. ಮೇಲಿನ ಕೈ ಗಾಬರಿಯಿಂದ ತಿರುಗಿಸಿರಬೇಕು, ದನಿ ಕತ್ತರಿಸಿ ಮತ್ತೆ ಗೊರಗೊರ ಆಯಿತು.

ಪಿಂಟೋ ಬೆನ್ನು ತಿರುಗಿಸಿಕೊಂಡೇ ಸ್ವಾಹಿಲಿಯಲ್ಲಿ ಕೇಳಿದ, “ಇದು ಯಾರ ರೇಡಿಯೋ?”

ಬಿ ಜುಹುರಾ ಬಾಗಿಲ ಸಂದಿಯಲ್ಲಿ ನಿಂತು ಹೇಳಿದಳು, “ಗಾಳಿ ತರ್ತೈತಿ, ಮಗನ. ನನಗ ಏನ್ ಗೊತ್ತು?”

ಆಮೇಲೆ ಸೀಸದ ಕಡ್ಡಿಯ ಸಪ್ಪಳ. ಏನೋ ಬರೆದ. ಇಂಗ್ಲಿಷಿನಲ್ಲಿ ಬರೆದ. ಏನು ಬರೆದ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಎದ್ದು ಟೋಪಿ ಹಾಕಿಕೊಂಡು, ಒಳಗೆ ನೋಡದೆ, ಕನ್ನಡದಲ್ಲಿ ಮಾತ್ರ ಒಂದು ಮಾತು ಹೇಳಿದ: “ಗೀಟು ಹಾಕಿ ಹಾಕಿ ಕೈ ಸೋತು ಅಕ್ಕಾರ. ರೇಡಿಯೋ ಇದ್ದ ಮನ್ಯಾಗೆಲ್ಲ ಸೊನ್ನಿ, ಇಲ್ಲದ ಮನ್ಯಾಗ ಜಾತ್ರಿ. ನಮ್ಮ ಸಾಹೇಬ ಇದನ್ನ ನಂಬಿದ್ರ ಅವನ ಹಣೇಬಾರ.”

ಸಾಹೇಬ ನಂಬಿದನೋ, ಪಿಂಟೋ ನಂಬಿಸಿದನೋ. ಸೋಮವಾರ ಲಾರಿ ಹೋಯಿತು. ನಮ್ಮವರು ಹೋಗಲಿಲ್ಲ. ಬಾಜಾರದ ಕಹಳೆ ಉಳಿಯಿತು, ಇನ್ನೊಂದು ಕಹಳೆ ತಂದು ನಮ್ಮ ಓಣಿಯ ಬಾಯಿಗೇ ಕಟ್ಟಿದರು. ಅದನ್ನು ಕಟ್ಟಲು ನಮ್ಮವರೇ ಏಣಿ ಹತ್ತಿದರು. ಕೆಳಗೆ ನಾನು ಏಣಿ ಹಿಡಿದು ನಿಂತಿದ್ದೆ. “ಗಟ್ಟ್ಯಾಗಿ ಹಿಡಿ, ಫುಂಡಿನ್ನ ಬೀಳಿಸೀಯಾ” ಎಂದರು. ಆದರೂ ಎಷ್ಟೋ ತಿಂಗಳು, ಲಾರಿಯ ಸಪ್ಪಳ ಓಣಿಯ ಹತ್ತಿರ ಬಂದರೆ ನಾನು ಕೈಯಲ್ಲಿದ್ದುದನ್ನು ಕೆಳಗಿಟ್ಟು ಕಾಯುತ್ತಿದ್ದೆ. ಸಕೀನಾಬಾಯಿಯೂ ಮೇಲೆ ಹಾಗೆಯೇ ಕಾಯುತ್ತಿದ್ದಳು, ಕಿಟಕಿಯಲ್ಲಿ ಅವಳ ನೆರಳು ಕಾಣುತ್ತಿತ್ತು. ಯಾರೂ ಬರಲಿಲ್ಲ. ಬೊಟ್ಟು ಮತ್ತೆ ಇಡು ಎಂದು ಅವಳು ನಮ್ಮವರನ್ನು ಕರೆದಳು. ಅವರು ಸುಣ್ಣ ಇಟ್ಟರು, ಅರಿಶಿನ ಇಟ್ಟರು, ಕಾಚಿನ ಡಬ್ಬಿ ಮುಚ್ಚಿ ಬಂದರು. ಮೂರನೆಯ ಬೊಟ್ಟನ್ನು ಅವಳೇ ಇಟ್ಟುಕೊಂಡಳು.

ಪಿಂಟೋಗೆ ಮಿರ್ಚಿ ಭಜಿ ಮಾಡಿ ಕಳಿಸಿದೆ. ಖಾರ ಸಾಲದು ಎಂದು ಹೇಳಿ ಕಳಿಸಿದ.

ಯುದ್ಧ ಮುಗಿದ ಮೇಲೂ ನಾವು ಅಲ್ಲೇ ಇದ್ದೆವು. ನಮ್ಮವರು ಅಲ್ಲೇ ಹೋದರು, ಜ್ವರದಿಂದ. ಊರಿನ ಹಿಂದೂಗಳು ಸುಡಲು ಕಟ್ಟಿಗೆ ತಂದರು. ನಮ್ಮಲ್ಲಿ ಸುಡುವುದಿಲ್ಲ ಎಂದೆ. ಯಾರಿಗೂ ತಿಳಿಯಲಿಲ್ಲ. ಬಿ ಜುಹುರಾ ಕಸಬರಿಗೆ ಹಿಡಿದ ಹೆಂಗಸು, ನಿಮಗೆ ಗೊತ್ತಲ್ಲ. ಊರ ಹೊರಗೆ ತನ್ನ ಗಂಡನ ತೆಂಗಿನ ತೋಟದ ಮೂಲೆಯಲ್ಲಿ ಜಾಗ ಕೊಟ್ಟಳು. ವಿಭೂತಿ ಹಚ್ಚಿ ಕೂಡಿಸಿ ಮಣ್ಣು ಕೊಟ್ಟೆವು. ಆಮೇಲೆ ತಮ್ಮನ ಮಗ ಬಂದು ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಬಂದ.

ಇಲ್ಲಿ ಎಲ್ಲ ಬರೊಬ್ಬರಿ ಇದೆ. ಎಲ್ಲರೂ ಕನ್ನಡ ಮಾತಾಡುತ್ತಾರೆ, ಬೇಕಾದ್ದಕ್ಕಿಂತ ಹೆಚ್ಚೇ ಮಾತಾಡುತ್ತಾರೆ. ರೊಟ್ಟಿ ಬಡಿದರೆ ಯಾರೂ ಓಡಿ ಬರುವುದಿಲ್ಲ. ಮುಂಜಾನೆ ಏಳರ ಭೋಂಗಾ ಆದಾಗ ನನ್ನ ಬಾಯಿಗೆ ಒಂದು ಎಂದೇ ಬರುತ್ತದೆ. ಹೇಗಿದ್ದೀ ಎಂದು ಯಾರಾದರೂ ಕೇಳಿದರೆ ಒಳ್ಳೆಯದು ಎಂದು ಹೇಳಿ ಸುಮ್ಮನಾಗುತ್ತೇನೆ. ಮುದುಕಿಗೆ ಸೊಕ್ಕು ಎನ್ನುತ್ತಾರೆ. ಅಲ್ಲಿ ನಾನು ಮಾಮಾ ಹುಬ್ಳಿ ಆಗಿದ್ದೆ, ಮಾಮಾ ಅಂದರೆ ತಾಯಿ. ಇಲ್ಲಿ ಆಫ್ರಿಕಾದಾಕಿ. ಎರಡೂ ಕಡೆ ನನ್ನನ್ನು ನಾನಿಲ್ಲದ ಊರಿನ ಹೆಸರಿನಿಂದಲೇ ಕರೆದರು.

ಮೊನ್ನೆ ಸಾಲಿ ಮಾಸ್ತರನೊಬ್ಬ ಕಾಗದ ಹಿಡಿದು ಬಾಗಿಲಿಗೆ ಬಂದ. ಸರಕಾರದ ಜನಗಣತಿಯಂತೆ.

“ಅಮ್ಮಾರ, ಮನ್ಯಾಗ ಎಷ್ಟು ಮಂದಿ?”

ತಮ್ಮನ ಮಗನ ಹೆಂಡತಿ ಒಳಗಿನಿಂದ ನನ್ನನ್ನೂ ಸೇರಿಸಿ ಹೇಳಿದಳು. ಈ ವಯಸ್ಸಿನಲ್ಲೂ ನನಗೆ ಆ ಹೆದರಿಕೆ ಹೋಗಿಲ್ಲ.

“ನನ್ನ ಹಿಡಿಬ್ಯಾಡೋ ತಮ್ಮಾ” ಎಂದೆ. “ನನ್ನ ಎಣಿಕಿ ಬ್ಯಾರೆ ಮನ್ಯಾಗ ಆಗೇತಿ.”

“ಯಾರ ಮನ್ಯಾಗ?”

“ರೇಡಿಯೋ ಇಲ್ಲದ ಮನ್ಯಾಗ.”

ಅವನು ನಕ್ಕು ಬರೆದುಕೊಂಡ. ನಾನು ಎದ್ದು ಬಾಗಿಲ ಚಿಲಕ ಹಿಡಿದು ಒಂದು ಸಲ ಬಡಿದೆ. ಮಾಸ್ತರ ಮುಂದಿನ ಮನೆಗೆ ಹೋದ. ನಾನು ಹೊಸ್ತಿಲ ಮೇಲೆ ನಿಂತು ಓಣಿಯ ತುದಿಯವರೆಗೆ ನೋಡಿದೆ. ಮಧ್ಯಾಹ್ನದವರೆಗೂ ನಿಂತು ನೋಡಿದೆ. ಗಾಡಿ ಬರಲಿಲ್ಲ.